ನೌಕಾಯುದ್ಧದ ಆಟವೂ ಯಂತ್ರಾಂತರದ ಧರ್ಮವೂ

೧

ಒಂದು ಭಾಷೆಯ ಕೃತಿಯನ್ನು ಇನ್ನೊಂದು ಭಾಷೆಗೆ ತರುವ ಕಾರ್ಯಕ್ಕೆ ಭಾಷಾಂತರವೆಂಬ ಹೆಸರು ನಮ್ಮಲ್ಲಿ ರೂಢವಾಗಿದೆ. ಒಂದು ಗಣಕಯಂತ್ರಕ್ಕಾಗಿ, ಅಥವಾ ಗಣಕವೇ ಇಲ್ಲದ ಕಾಲದಲ್ಲಿ ಕಾಗದಕ್ಕಾಗಿ, ಹುಟ್ಟಿದ ಆಟವನ್ನು ಬೇರೊಂದು ಯಂತ್ರಕ್ಕೆ ಒಗ್ಗಿಸುವ ಕಾರ್ಯವನ್ನು ಆ ಕಸಬಿನವರು ಪೋರ್ಟಿಂಗ್ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ಅದನ್ನು ಯಂತ್ರಾಂತರವೆಂದು ಕರೆದಿದೆ. ಭಾಷಾಂತರವನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿಮರ್ಶೆ ನಡೆದಿದೆ. ಯಂತ್ರಾಂತರದ ವಿಷಯದಲ್ಲಾದರೋ 'ಹೊಸ ಯಂತ್ರದಲ್ಲಿ ಅದು ನಡೆಯುತ್ತದೆಯೆ, ಇಲ್ಲವೆ' ಎಂಬ ಒಂದು ಪ್ರಶ್ನೆಯನ್ನು ಕೇಳಿ ತೃಪ್ತರಾಗುವವರೇ ಹೆಚ್ಚು. ನಡೆಯುವುದು ಅಗತ್ಯ, ಆದರೆ ವ್ಯಾಕರಣ ಶುದ್ಧವಾಗಿರುವ ಮಾತ್ರಕ್ಕೆ ಭಾಷಾಂತರ ಹೇಗೆ ಒಳ್ಳೆಯದಾಗುವುದಿಲ್ಲವೋ, ನಡೆದ ಮಾತ್ರಕ್ಕೆ ಯಂತ್ರಾಂತರವೂ ಒಳ್ಳೆಯದಾಗುವುದಿಲ್ಲ.

ಈ ಮಾತನ್ನು ಒಂದು ಸಣ್ಣ ಉದಾಹರಣೆಯಿಂದ ಪರಿಶೀಲಿಸುವುದು ಇಲ್ಲಿನ ಉದ್ದೇಶ. ಉದಾಹರಣೆಯಾಗಿ ಆರಿಸಿಕೊಂಡಿರುವುದು 'ಬ್ಯಾಟಲ್‌ಷಿಪ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ನೌಕಾಯುದ್ಧದ ಊಹೆಯಾಟ. ಯಂತ್ರವಾಗಿ ಆರಿಸಿಕೊಂಡಿರುವುದು ೧೯೬೫ರಲ್ಲಿ ಹೊರಬಂದ ಪಿಡಿಪಿ-೮. ಆಟ ಚಿಕ್ಕದು; ಯಂತ್ರವೂ ಇಂದಿನ ಅಳತೆಯಲ್ಲಿ ಅತಿ ಚಿಕ್ಕದು. ಹಾಗಿರುವುದರಿಂದಲೇ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಇಲ್ಲಿ ಮರೆಯಿಲ್ಲದೆ ಕಾಣುತ್ತದೆ.

೨

ಮೊದಲು ಆಟದ ಸ್ವರೂಪವನ್ನು ನೋಡೋಣ. ಈ ಆಟವನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದ ಪೆನ್ಸಿಲುಗಳಿಂದ ಆಡುತ್ತಿದ್ದರೆಂಬ ಹೇಳಿಕೆಯುಂಟು. ೧೯೩೧ರಲ್ಲಿ ಅಮೆರಿಕದಲ್ಲಿ ಇದು 'ಸಾಲ್ವೊ' ಎಂಬ ಹೆಸರಿನಿಂದ ಅಚ್ಚಾದ ಹಾಳೆಗಳ ರೂಪದಲ್ಲಿ ಮಾರಾಟಕ್ಕೆ ಬಂದಿತು. ೧೯೬೭ರಲ್ಲಿ ಮಿಲ್ಟನ್ ಬ್ರಾಡ್ಲಿ ಸಂಸ್ಥೆ ಇದಕ್ಕೆ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನೂ ಮೊಳೆಗಳನ್ನೂ ಕೊಟ್ಟಿತು. ಅಂದಿನಿಂದ ಹತ್ತು ಸಾಲು, ಹತ್ತು ಕಂಬಗಳ ನೂರು ಮನೆಗಳೂ, ೫, ೪, ೩, ೩, ೨ ಮನೆಗಳಷ್ಟು ಉದ್ದದ ಐದು ಹಡಗುಗಳೂ ಆಟದ ಪ್ರಸಿದ್ಧ ರೂಪವಾಗಿ ನಿಂತಿವೆ. ಹಡಗುಗಳು ಆಕ್ರಮಿಸುವ ಮನೆಗಳ ಮೊತ್ತ ೧೭.

ಇವೆಲ್ಲ ಆಟದ ಹೊರಮೈ. ಅದರ ಒಳಗಿನ ವ್ಯವಸ್ಥೆ ಹೀಗಿದೆ: ಇಬ್ಬರು ಎದುರುಬದುರಾಗಿ ಕುಳಿತಿರುತ್ತಾರೆ. ಒಬ್ಬೊಬ್ಬರ ಬಳಿಯೂ ಎರಡು ಚೌಕುಳಿ ಹಾಳೆಗಳು. ಒಂದರಲ್ಲಿ ತನ್ನ ಹಡಗುಗಳು. ಇನ್ನೊಂದರಲ್ಲಿ ಎದುರಾಳಿಯ ಕಡಲನ್ನು ಕುರಿತು ತಾನು ಇದುವರೆಗೆ ತಿಳಿದುಕೊಂಡದ್ದು. ಒಬ್ಬನು ಒಂದು ಮನೆಯ ಹೆಸರನ್ನು ಹೇಳುತ್ತಾನೆ. ಇನ್ನೊಬ್ಬನು ತನ್ನ ಹಾಳೆಯನ್ನು ನೋಡಿಕೊಂಡು 'ತಾಗಿತು' ಎಂದೋ 'ತಪ್ಪಿತು' ಎಂದೋ ಉತ್ತರ ಕೊಡುತ್ತಾನೆ. ಆ ಉತ್ತರ ನಿಜವೆಂಬುದಕ್ಕೆ ಆ ಕ್ಷಣದಲ್ಲಿ ಯಾವ ಸಾಕ್ಷಿಯೂ ಇಲ್ಲ. ಹಾಳೆ ಅವನ ಕೈಯ ಮರೆಯಲ್ಲಿದೆ. ಚದುರಂಗದಲ್ಲಿ ಮಣೆಯೇ ಸಾಕ್ಷಿ, ಪಗಡೆಯಲ್ಲಿ ದಾಳವೇ ಸಾಕ್ಷಿ. ಈ ಆಟದಲ್ಲಾದರೋ ಎದುರಾಳಿಯ ಮಾತೊಂದೇ ಆಧಾರ. ಯಾರನ್ನು ಸೋಲಿಸಬೇಕೆಂದು ಹೊರಟಿದ್ದೇವೆಯೋ ಅವನ ಸತ್ಯವನ್ನೇ ನಂಬಿ ಮುಂದಿನ ಗುಂಡನ್ನು ಹಾರಿಸಬೇಕು.

ಆದ್ದರಿಂದ ಈ ಆಟದ ಜೀವಾಳವಿರುವುದು ಚೌಕುಳಿಯ ಚಿತ್ರದಲ್ಲಲ್ಲ, ಹಡಗಿನ ಹೆಸರುಗಳಲ್ಲೂ ಅಲ್ಲ. ಪರಸ್ಪರ ಮರೆ, ಮರೆಯಾಚೆಯಿಂದ ಬರುವ ಮಾತಿನಲ್ಲಿ ನಂಬಿಕೆ, ಆ ಮಾತುಗಳಿಂದ ನಡೆಯುವ ಅನುಮಾನ—ಇಲ್ಲಿ ಅನುಮಾನವೆಂದರೆ ತರ್ಕಶಾಸ್ತ್ರದ ಅರ್ಥದಲ್ಲಿ—ಈ ಮೂರೇ ಆಟ. ಯಂತ್ರಾಂತರದ ಗುಣದೋಷಗಳನ್ನು ಈ ಮೂರರ ಒರೆಗಲ್ಲಿನ ಮೇಲೆಯೇ ಪರೀಕ್ಷಿಸಬೇಕೆಂಬುದು ಈ ಲೇಖನದ ವಾದ.

೩

ಈ ಒರೆಗಲ್ಲು ನಮಗೆ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದಾಗ ನಾಯಕನ ಹೆಸರು ಬದಲಾಯಿತು, ಯುದ್ಧಭೂಮಿ ಬದಲಾಯಿತು, ದೇವತೆಗಳು ಬದಲಾದರು. ಹೊರಮೈಯನ್ನು ಇಷ್ಟರ ಮಟ್ಟಿಗೆ ಬದಲಾಯಿಸಿದರೂ ಅವಮಾನಿತನಾದ ವೀರನ ರೋಷವೂ ಅದರ ದುರಂತವೂ ಉಳಿದುಬಂದುವು. ಹೆಸರುಗಳನ್ನೆಲ್ಲ ಹಾಗೆಯೇ ಇಟ್ಟು ಆ ಒಳಗಿನ ಗತಿಯನ್ನು ಕಳೆದಿದ್ದರೆ ಅದನ್ನು ನಿಷ್ಠೆಯೆಂದು ಯಾವ ಸಹೃದಯನೂ ಕರೆಯುತ್ತಿರಲಿಲ್ಲ. ಹೊರಮೈಯ ನಿಷ್ಠೆ ಬೇರೆ, ಒಳಗತಿಯ ನಿಷ್ಠೆ ಬೇರೆ ಎಂಬ ಈ ವಿವೇಕ ಯಂತ್ರಾಂತರಕ್ಕೂ ಸಲ್ಲತಕ್ಕದ್ದು.

ಈ ದೃಷ್ಟಿಯಿಂದ ನೋಡಬೇಕಾದ ಮೊದಲನೆಯ ಆಕರ, ಡೇವಿಡ್ ಆಲ್ ಅವರು ಸಂಪಾದಿಸಿ ೧೯೭೩ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಿಂದ ಪ್ರಕಟವಾದ ೧೦೧ ಬೇಸಿಕ್ ಆಟಗಳ ಸಂಕಲನ. ಪಿಡಿಪಿ-೮ನ್ನು ತಯಾರಿಸಿದ ಸಂಸ್ಥೆಯೂ ಇದೇ. ಬೇಸಿಕ್ ಎಂಬುದು ಕಲಿಯುವವರಿಗಾಗಿ ರಚಿತವಾದ ಸರಳವಾದ ಗಣಕಭಾಷೆ. ಈ ಸಂಕಲನ ೧೯೭೮ರಲ್ಲಿ ಸಣ್ಣ ಗಣಕಗಳಿಗೆ ಒಪ್ಪುವಂತೆ ಪರಿಷ್ಕೃತವಾಗಿ ಮತ್ತೆ ಹೊರಬಂದು ಅತ್ಯಂತ ವ್ಯಾಪಕವಾಗಿ ಪ್ರಚಾರವಾಯಿತು. ನೌಕಾಯುದ್ಧದ ವಸ್ತುವನ್ನುಳ್ಳ ಎರಡು ಕ್ರಮವಿಧಿಗಳು ಇದರಲ್ಲಿವೆ: ಒಂದು 'ಬ್ಯಾಟಲ್', ಇನ್ನೊಂದು 'ಸಾಲ್ವೊ'.

'ಬ್ಯಾಟಲ್' ಎಂಬುದರಲ್ಲಿ ಕಡಲು ಆರು ಸಾಲು, ಆರು ಕಂಬಗಳದು. ಅದರಲ್ಲಿ ಯಂತ್ರ ಆರು ಹಡಗುಗಳನ್ನು ಅಡಗಿಸುತ್ತದೆ: ಎರಡು ಮನೆಯವು ಎರಡು, ಮೂರು ಮನೆಯವು ಎರಡು, ನಾಲ್ಕು ಮನೆಯವು ಎರಡು. ೩೬ ಮನೆಗಳಲ್ಲಿ ೧೮ ತುಂಬಿಹೋದುವು. ಕಣ್ಣುಮುಚ್ಚಿ ಹೊಡೆದರೂ ಮೊದಲ ಗುಂಡು ತಾಗುವ ಸಂಭವ ಅರ್ಧಕ್ಕರ್ಧ. ಮಿಗಿಲಾಗಿ, ಯಂತ್ರ ತಿರುಗಿ ಹೊಡೆಯುವುದೇ ಇಲ್ಲ. ಆಟಗಾರನಿಗೆ ಅಡಗಿಸತಕ್ಕ ಹಡಗುಗಳಿಲ್ಲ, ಕಾಯತಕ್ಕ ಗುಟ್ಟಿಲ್ಲ. ಇದಕ್ಕೆ ಬದಲಾಗಿ ಕ್ರಮವಿಧಿಕಾರನು ಬೇರೊಂದು ರಸವನ್ನು ಕೂಡಿಸಿದ್ದಾನೆ. ಆರಂಭದಲ್ಲಿಯೇ ಶತ್ರುಪಡೆಯ ವಿನ್ಯಾಸವನ್ನು ಗೂಢಲಿಪಿಯಲ್ಲಿ ಅಚ್ಚುಮಾಡಿ, ಇದು ನಮ್ಮ ಕೈಗೆ ಸಿಕ್ಕಿದೆ, ಆದರೆ ಯಾರಿಗೂ ಬಿಡಿಸಲಾಗಿಲ್ಲ ಎಂದು ಆಟಗಾರನಿಗೆ ತಿಳಿಸುತ್ತಾನೆ. ಹಲವು ಬಾರಿ ಆಡಿ ಆ ಲಿಪಿಯ ಮರ್ಮವನ್ನು ಕಂಡುಕೊಳ್ಳುವುದೇ ಇಲ್ಲಿನ ನಿಜವಾದ ಸವಾಲು. ಇದನ್ನು ಯಂತ್ರಾಂತರವೆನ್ನುವುದಕ್ಕಿಂತ, ಹಳೆಯ ವಸ್ತುವಿನ ಎಳೆಯೊಂದನ್ನು ಹಿಡಿದು ಕಟ್ಟಿದ ಹೊಸ ಒಗಟು ಎನ್ನುವುದು ನ್ಯಾಯ. ಹಾಗೆ ನೋಡಿದರೆ ಅದು ಸೊಗಸಾಗಿದೆ. ಆದರೆ ಪರಸ್ಪರ ಮರೆಯೂ ನಂಬಿಕೆಯೂ ಅದರಲ್ಲಿ ಲೋಪವಾಗಿರುವುದರಿಂದ ನೌಕಾಯುದ್ಧದ ಆಟವನ್ನು ಬಲ್ಲವರು ಅದರಲ್ಲಿ ತಮ್ಮ ಆಟವನ್ನು ಕಾಣಲಾರರು.

೪

'ಸಾಲ್ವೊ' ಇದಕ್ಕಿಂತ ಮೂಲಕ್ಕೆ ಬಹಳ ಸಮೀಪವಾಗಿದೆ. ಕಡಲು ಹತ್ತು ಸಾಲು, ಹತ್ತು ಕಂಬ. ಇಬ್ಬರಿಗೂ ಸಮಸಮವಾಗಿ ನಾಲ್ಕು ಹಡಗುಗಳು: ಐದು ಮನೆಯದೊಂದು, ಮೂರು ಮನೆಯದೊಂದು, ಎರಡು ಮನೆಯವು ಎರಡು. ದೊಡ್ಡ ಹಡಗು ತೇಲುತ್ತಿರುವವರೆಗೆ ಮೂರು ಗುಂಡು, ಎರಡನೆಯದಕ್ಕೆ ಎರಡು, ಚಿಕ್ಕವಕ್ಕೆ ಒಂದೊಂದು. ಮೊದಲ ಸರದಿಯಲ್ಲಿ ಒಟ್ಟು ಏಳು ಗುಂಡು. ಹಡಗು ಮುಳುಗಿದಂತೆಲ್ಲ ಗುಂಡುಗಳೂ ಕಡಮೆಯಾಗುತ್ತವೆ. ಸೋಲುತ್ತಿರುವವನ ದನಿ ಮೆಲ್ಲನೆ ಕುಗ್ಗುವ ಈ ನಿಯಮ ಕಾಗದದ ಆಟದ ಒಂದು ಉತ್ತಮ ಸಂಪ್ರದಾಯದಿಂದ ಬಂದದ್ದು. ಅದನ್ನು ಉಳಿಸಿಕೊಂಡದ್ದು ಶ್ಲಾಘ್ಯ.

ಆದರೆ ಆಟ ತೊಡಗುವ ಮುನ್ನ ಯಂತ್ರ ಒಂದು ಬೇಡಿಕೆಯನ್ನಿಡುತ್ತದೆ: ನಿನ್ನ ಹಡಗುಗಳು ಎಲ್ಲೆಲ್ಲಿವೆ, ಹೇಳು. ಆಟಗಾರನು ಹನ್ನೆರಡು ಮನೆಗಳ ಸ್ಥಾನಗಳನ್ನೂ ಒಂದೊಂದಾಗಿ ಕೀಲಿಮಣೆಯಲ್ಲಿ ಒತ್ತಿ ಒಪ್ಪಿಸಬೇಕು. ಕಾಗದದ ಆಟದಲ್ಲಿ ಇಂಥ ಬೇಡಿಕೆಯನ್ನು ಊಹಿಸಿಕೊಂಡರೆ ಅದರ ವೈಚಿತ್ರ್ಯ ತಿಳಿಯುತ್ತದೆ. 'ನಿನ್ನ ಹಾಳೆಯನ್ನು ನನ್ನ ಬಳಿ ಕೊಡು, ನಾನು ಅದನ್ನು ನೋಡದೆ ಆಡುತ್ತೇನೆ' ಎಂದು ಎದುರಾಳಿ ಹೇಳಿದಂತಾಯಿತು. ಯಂತ್ರ ನೋಡುವುದೋ ಬಿಡುವುದೋ ಆಟಗಾರನಿಗೆ ತಿಳಿಯದು. ಎರಡು ಪಡೆಗಳ ವಿನ್ಯಾಸವೂ ಒಂದೇ ಸ್ಮೃತಿಕೋಶದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುವಾಗ ಅವುಗಳ ನಡುವೆ ಇರುವ ಗೋಡೆಯೆಂದರೆ ಕ್ರಮವಿಧಿಕಾರನ ಶೀಲವೊಂದೇ.

ಇದಕ್ಕೆ ಸಮಾಧಾನವೆಂಬಂತೆ 'ಸಾಲ್ವೊ' ಒಂದು ಕಿಟಕಿಯನ್ನು ತೆರೆದಿಟ್ಟಿದೆ. ಆಟವನ್ನು ನೀನು ಆರಂಭಿಸುತ್ತೀಯಾ ಎಂದು ಯಂತ್ರ ಕೇಳಿದಾಗ ಆಟಗಾರನು ಹೌದು ಅಲ್ಲಗಳನ್ನು ಬಿಟ್ಟು 'ನಿನ್ನ ಹಡಗುಗಳೆಲ್ಲಿವೆ' ಎಂಬ ಪ್ರಶ್ನೆಯನ್ನೇ ಉತ್ತರವಾಗಿ ಕೊಟ್ಟರೆ ಯಂತ್ರ ತನ್ನ ಹಡಗುಗಳ ಸ್ಥಾನಗಳನ್ನೆಲ್ಲ ಅಚ್ಚುಮಾಡಿಬಿಡುತ್ತದೆ. ಕ್ರಮವಿಧಿಯನ್ನು ಪರೀಕ್ಷಿಸುವ ಅನುಕೂಲಕ್ಕಾಗಿ ಇದನ್ನು ಇಟ್ಟಿದ್ದರೂ ಇಟ್ಟಿರಬಹುದು. ಉದ್ದೇಶ ಏನೇ ಇರಲಿ, ಅದರ ಪರಿಣಾಮ ಅರ್ಥವತ್ತಾದುದು. ನೀನು ನನ್ನ ಹಾಳೆಯನ್ನು ನೋಡಬಲ್ಲೆಯಾದರೆ ನಾನೂ ನಿನ್ನ ಹಾಳೆಯನ್ನು ನೋಡಬಲ್ಲೆ ಎಂಬ ಸಮತೆ ಇದರಿಂದ ಒದಗುತ್ತದೆ. ಆದರೆ ಇದು ಗುಟ್ಟಿನ ಸಮತೆಯಲ್ಲ, ಗುಟ್ಟಿಲ್ಲದಿರುವುದರ ಸಮತೆ.

ಇನ್ನೊಂದು ಸಮಾಧಾನ ಇದಕ್ಕಿಂತ ಗಟ್ಟಿಯಾದುದು. ಆ ಕಾಲದಲ್ಲಿ ಕ್ರಮವಿಧಿ ಪುಸ್ತಕದ ಪುಟದಲ್ಲಿ ಸಾಲುಸಾಲಾಗಿ ಅಚ್ಚಾಗಿ ಬರುತ್ತಿತ್ತು. ಆಡಬೇಕೆನ್ನುವವನು ಅದನ್ನು ತನ್ನ ಕೈಯಿಂದಲೇ ಯಂತ್ರಕ್ಕೆ ಒತ್ತಬೇಕಾಗಿತ್ತು. ಒತ್ತುತ್ತಾ ಓದುತ್ತಿದ್ದ, ಯಂತ್ರ ಗುಂಡು ಹಾರಿಸುವ ಮನೆಯನ್ನು ಹೇಗೆ ಆರಿಸುತ್ತದೆಂಬುದನ್ನು ತಾನೇ ಪರಿಶೀಲಿಸಬಹುದಾಗಿತ್ತು. ಮುಖ ನೋಡಿ ಇಡುತ್ತಿದ್ದ ನಂಬಿಕೆ ಪಾಠವನ್ನು ಓದಿ ಇಡುವ ನಂಬಿಕೆಯಾಗಿ ಮಾರ್ಪಟ್ಟಿತು. ಪಾಠವನ್ನು ಯಾರೂ ಓದದ ಇಂದಿನ ದಿನಗಳಲ್ಲಿ ಯಂತ್ರಾಂತರ ಮಾಡುವವರು ಈ ಮಾರ್ಪಾಟಿನ ಬೆಲೆಯನ್ನು ಮರೆಯಬಾರದು.

೫

ಪಾಠವನ್ನು ಓದಿದರೆ ಏನು ತಿಳಿಯುತ್ತದೆಂಬುದಕ್ಕೆ ಯುನಿಕ್ಸ್ ಯಂತ್ರಗಳಲ್ಲಿ ಹಲವು ವರ್ಷ ಬೆಳೆದುಬಂದ 'ಬಿಎಸ್' ಎಂಬ ನೌಕಾಯುದ್ಧದ ಕ್ರಮವಿಧಿ ಒಳ್ಳೆಯ ನಿದರ್ಶನ. ಇದರ ಮೂಲಕರ್ತೃ ಬ್ರೂಸ್ ಹಾಲೊವೇ. ಮುಂದೆ ಎರಿಕ್ ರೇಮಂಡ್ ಅವರು ೧೯೯೦ರಲ್ಲಿ ಬಣ್ಣವನ್ನೂ, ೧೯೯೩ರಲ್ಲಿ ಬೇರೆಬೇರೆ ಯಂತ್ರಗಳಲ್ಲಿ ನಡೆಯುವ ಶಿಸ್ತನ್ನೂ, ೧೯೯೫ರಲ್ಲಿ ಮೌಸಿನ ಬಳಕೆಯನ್ನೂ ಇದಕ್ಕೆ ಕೂಡಿಸಿದರು. ಹೊರಮೈ ಇಷ್ಟು ಬಾರಿ ಬದಲಾದರೂ ಒಳಗಿನ ಒಂದು ಕಟ್ಟು ಗಮನಾರ್ಹವಾಗಿದೆ. ಹಡಗುಗಳ ನಿಜವಾದ ಸ್ಥಾನಗಳಿಗೆ ಒಂದು ಪಟ್ಟಿ, ಹಾರಿಸಿದ ಗುಂಡುಗಳ ಫಲಕ್ಕೆ ಬೇರೊಂದು ಪಟ್ಟಿ. ಯಂತ್ರ ಮುಂದಿನ ಮನೆಯನ್ನು ಆರಿಸುವಾಗ ನೋಡುವುದು ಎರಡನೆಯ ಪಟ್ಟಿಯನ್ನು. ಮೊದಲನೆಯದನ್ನು ನೋಡುವುದು ಗುಂಡು ಹಾರಿಸಿಯಾದ ಮೇಲೆ, 'ತಾಗಿತೆ, ತಪ್ಪಿತೆ' ಎಂದು ನಿರ್ಣಯಿಸುವ ಭಾಗ. ಕಾಗದದ ಆಟದ ಎರಡು ಹಾಳೆಗಳು ಇಲ್ಲಿ ಎರಡು ಪಟ್ಟಿಗಳಾಗಿ ಉಳಿದುಬಂದಿವೆ. ಆಟಗಾರನು ಗುಟ್ಟನ್ನು ಒಪ್ಪಿಸಬೇಕಾದುದು ಇಲ್ಲಿಯೂ ತಪ್ಪಲಿಲ್ಲ. ಆದರೆ ಒಪ್ಪಿಸಿದ ಗುಟ್ಟು ಊಹಿಸುವವನ ಕಣ್ಣಿಗೆ ಬೀಳದಂತೆ ಕಾಯಲ್ಪಟ್ಟಿದೆ. ಇಂಥ ಶೀಲ ಪರದೆಯ ಮೇಲೆ ಕಾಣುವುದಿಲ್ಲ. ವಿಮರ್ಶಕನು ಅದನ್ನು ಪಾಠದಲ್ಲಿಯೇ ಹುಡುಕಬೇಕು.

೬

ಈಗ ಪಿಡಿಪಿ-೮ರ ಕಡೆಗೆ ತಿರುಗಬಹುದು. ಮ್ಯಾಸಚೂಸೆಟ್ಸಿನ ಮೇನಾರ್ಡಿನಲ್ಲಿ ತಯಾರಾಗಿ ೧೮,೦೦೦ ಡಾಲರಿಗೆ ಮಾರಾಟವಾದ ಈ ಯಂತ್ರದ ಮೂಲ ಸ್ಮೃತಿಕೋಶ ೪,೦೯೬ ಪದಗಳದು. ಒಂದೊಂದು ಪದಕ್ಕೆ ಹನ್ನೆರಡು ಬಿಟ್‌ಗಳು. ಆದೇಶಗಳ ಮೂಲಜಾತಿಗಳು ಎಂಟೇ. ಇದರೊಡನೆ ಮಾತನಾಡಲು ಸಾಮಾನ್ಯವಾಗಿ ಇದ್ದದ್ದು ಪರದೆಯಲ್ಲ, ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಒತ್ತುವ ಟೆಲಿಟೈಪ್. ಇಂದು ಈ ಯಂತ್ರವನ್ನು ಅನುಕರಿಸುವ ಸಿಮ್ಹೆಚ್ ಎಂಬ ಕ್ರಮವಿಧಿಯೂ, ಅದರ ಮುಂಭಾಗದ ಫಲಕವನ್ನು ಚಿಕ್ಕದಾಗಿ ಮಾಡಿದ ಪಿಡಿಪಿ-೮ ಪ್ರತಿಕೃತಿಗಳೂ ದೊರೆಯುವುದರಿಂದ ಹೊಸದಾಗಿ ಯಂತ್ರಾಂತರ ಮಾಡುವ ಆಸಕ್ತರು ಇದ್ದಾರೆ.

ಆಟದ ಕಡಲು ಈ ಯಂತ್ರದ ಪದದಲ್ಲಿ ಅಚ್ಚರಿಯಾಗುವಷ್ಟು ಅಚ್ಚುಕಟ್ಟಾಗಿ ಕೂಡುತ್ತದೆ. ಹನ್ನೆರಡು ಬಿಟ್‌ಗಳಲ್ಲಿ ಹತ್ತು ಮನೆಗಳ ಒಂದು ಸಾಲು ಹಿಡಿದು ಎರಡು ಬಿಟ್ ಉಳಿಯುತ್ತದೆ. ಹತ್ತು ಪದಗಳಿಗೆ ಒಂದು ಕಡಲು. ಗುಂಡು ತಾಗಿತೆ ಎಂಬುದನ್ನು ತಿಳಿಯಲು, ಎರಡು ಪದಗಳಲ್ಲಿ ಸಮಾನವಾಗಿರುವ ಬಿಟ್‌ಗಳನ್ನು ಮಾತ್ರ ಉಳಿಸುವ 'ಆಂಡ್' ಎಂಬ ಒಂದು ಆದೇಶ ಸಾಕು. ಎರಡು ಪದಗಳ ಬಿಟ್‌ಗಳನ್ನು ಸೇರಿಸುವ 'ಆರ್' ಎಂಬ ಆದೇಶ ಸ್ಮೃತಿಯ ಪದಗಳಿಗೆ ಈ ಯಂತ್ರದಲ್ಲಿಲ್ಲ. ಆದರೆ ಒಮ್ಮೆ ಹೊಡೆದ ಮನೆಗೆ ಮತ್ತೆ ಹೊಡೆಯದಿರುವ ಆಟದಲ್ಲಿ ಬರಿಯ ಕೂಡಿಕೆಯೇ ಆ ಕೆಲಸವನ್ನು ಮಾಡುತ್ತದೆ. ಇಲ್ಲದ ಬಿಟ್ಟನ್ನು ಕೂಡಿಸುವುದೂ ಸೇರಿಸುವುದೂ ಒಂದೇ. ಅತಿ ಚಿಕ್ಕ ಹಡಗಿಗೂ ಎರಡು ಮನೆಗಳಿರುವುದರಿಂದ ಚದುರಂಗದ ಮಣೆಯ ಒಂದೇ ಬಣ್ಣದ ೫೦ ಮನೆಗಳನ್ನು ಹುಡುಕಿದರೆ ಯಾವ ಹಡಗೂ ತಪ್ಪಿಸಿಕೊಳ್ಳಲಾರದೆಂಬುದು ಈ ಆಟದ ಪ್ರಸಿದ್ಧ ತರ್ಕ. ಆ ಬಣ್ಣದ ವಿನ್ಯಾಸ ಈ ಯಂತ್ರದಲ್ಲಿ ಒಂದು ಬಿಟ್ಟು ಒಂದರಂತೆ ತುಂಬಿದ ಎರಡೇ ಪದಗಳು. ಅಷ್ಟಮಾನ ಪದ್ಧತಿಯಲ್ಲಿ ಬರೆದರೆ ೨೫೨೫ ಮತ್ತು ೫೨೫೨. ಸಾಲುಬಿಟ್ಟು ಸಾಲಿಗೆ ಇವನ್ನು ಅನ್ವಯಿಸಿದರೆ ಅನುಮಾನದ ಅರ್ಧಭಾಗ ಸಿದ್ಧವಾಯಿತು.

ಆಕಸ್ಮಿಕತೆಯ ಪ್ರಶ್ನೆಗೂ ಇಲ್ಲಿ ಒಂದು ಒಳ್ಳೆಯ ಉತ್ತರವುಂಟು. ಯಂತ್ರ ತನ್ನ ಹಡಗುಗಳನ್ನು ಪ್ರತಿಬಾರಿಯೂ ಬೇರೆಬೇರೆ ಕಡೆ ಇಡಬೇಕಾದರೆ ಅದಕ್ಕೊಂದು ಊಹೆಗೆ ನಿಲುಕದ ಆರಂಭಸಂಖ್ಯೆ ಬೇಕು. ಆಟಗಾರನು ಕೀಲಿಯನ್ನು ಒತ್ತುವುದನ್ನು ಕಾಯುತ್ತಿರುವ ಹೊತ್ತಿನಲ್ಲಿ ಯಂತ್ರ ಒಂದು ಪದವನ್ನು ಎಣಿಸುತ್ತಾ ಹೋಗಲಿ. ಮೈಕ್ರೋಸೆಕೆಂಡುಗಳ ವೇಗದಲ್ಲಿ ಅದು ೪,೦೯೬ರ ಸುತ್ತನ್ನು ಮತ್ತೆಮತ್ತೆ ಸುತ್ತುತ್ತಿರುತ್ತದೆ; ಕೀಲಿ ಒತ್ತಿದ ಕ್ಷಣದಲ್ಲಿ ಎಲ್ಲಿ ನಿಂತಿತೋ ಅದೇ ಆರಂಭಸಂಖ್ಯೆ. ಯಂತ್ರದ ಗುಟ್ಟು ಹುಟ್ಟುವುದು ಮನುಷ್ಯನ ತಡವರಿಕೆಯಿಂದ. ಅದು ಮನುಷ್ಯನಿಗೇ ತಿಳಿಯದು.

ಯಂತ್ರಾಂತರಕಾರರು ಸಾಮಾನ್ಯವಾಗಿ ಎಡವುವುದು ಮುದ್ರಣದಲ್ಲಿ. ಪರದೆಗೆ ಒಗ್ಗಿದವರು ಸರದಿಗೊಮ್ಮೆ ಎರಡು ಕಡಲುಗಳ ಚಿತ್ರವನ್ನೂ ತೋರಿಸಲು ಹೊರಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಸಾಲಿಗೆ ಸುಮಾರು ೨೪ ಅಕ್ಷರ. ತಲೆಸಾಲೂ ಸೇರಿ ೧೧ ಸಾಲು. ಒಟ್ಟು ೨೬೪ ಅಕ್ಷರ. ಟೆಲಿಟೈಪಿನಲ್ಲಿ ಇದಕ್ಕೆ ೨೬ ಸೆಕೆಂಡಿಗೂ ಮೇಲೆ ಬೇಕು; ಎರಡು ಕಡಲುಗಳಿಗೆ ೫೩ ಸೆಕೆಂಡು ಹತ್ತಿರ. ನಲವತ್ತು ಸರದಿಗಳ ಆಟದಲ್ಲಿ ಚಿತ್ರ ಬಿಡಿಸುವುದಕ್ಕೇ ಮೂವತ್ತೈದು ನಿಮಿಷ ಕಳೆದುಹೋಗುತ್ತದೆ. ಅನುಕರಣ ಕ್ರಮವಿಧಿಯ ಪರದೆಯ ಮೇಲೆ ಅಕ್ಷರಗಳು ಕ್ಷಣಮಾತ್ರದಲ್ಲಿ ಮೂಡುವುದರಿಂದ ಈ ದೋಷ ಕಣ್ಣಿಗೆ ಬೀಳದೆ ಹೋಗಬಹುದು. ಹಾಗೆ ಕಣ್ತಪ್ಪಿಸಿ ಬಂದ ಕ್ರಮವಿಧಿ ಪಿಡಿಪಿ-೮ರ ಹೆಸರನ್ನು ಹೊತ್ತಿದ್ದರೂ ಪಿಡಿಪಿ-೮ಕ್ಕೆ ಸೇರಿದ್ದಲ್ಲ.

೭

ಚಿತ್ರವನ್ನು ಮುದ್ರಿಸದಿದ್ದರೆ ಆಟಗಾರನು ಆಡುವುದು ಹೇಗೆ? ಉತ್ತರ ಸರಳವಾಗಿದೆ: ಕಾಗದ ಪೆನ್ಸಿಲುಗಳಿಂದ. ಟೆಲಿಟೈಪಿನ ಪಕ್ಕದಲ್ಲಿ ಅವನು ತನ್ನ ಎರಡು ಹಾಳೆಗಳನ್ನು ಇಟ್ಟುಕೊಳ್ಳಲಿ. ಯಂತ್ರ ಒಂದು ಮನೆಯ ಹೆಸರನ್ನು ಮುದ್ರಿಸಲಿ. ಅವನು ತನ್ನ ಹಾಳೆಯನ್ನು ನೋಡಿಕೊಂಡು 'ತಾಗಿತು', 'ತಪ್ಪಿತು', 'ಮುಳುಗಿತು' ಎಂಬುದಕ್ಕೆ ಒಂದೊಂದು ಅಕ್ಷರವನ್ನು ಒತ್ತಲಿ. ಅವನು ಕೇಳಿದ ಮನೆಗೆ ಯಂತ್ರವೂ ಅಷ್ಟೇ ಚುಟುಕಾಗಿ ಉತ್ತರ ಕೊಡಲಿ.

ಇದರಿಂದ ಒಂದು ದೊಡ್ಡ ಫಲ ತಾನಾಗಿ ಒದಗುತ್ತದೆ. ಯಂತ್ರಕ್ಕೆ ಈಗ ಬೇಕಾದದ್ದು ಹತ್ತು ಹತ್ತು ಪದಗಳ ನಾಲ್ಕು ಪಟ್ಟಿಗಳು: ತನ್ನ ಹಡಗುಗಳು, ಅವುಗಳ ಮೇಲೆ ಬಿದ್ದ ಗುಂಡುಗಳು, ತಾನು ಹಾರಿಸಿದ ಗುಂಡುಗಳು, ಅವುಗಳಲ್ಲಿ ತಾಗಿದವು. ಇವಲ್ಲದೆ ತನ್ನ ಯಾವ ಹಡಗು ಯಾವುದೆಂದು ಗುರುತಿಡುವ ಕೆಲವು ಪದಗಳು. ಆಟಗಾರನ ಹಡಗುಗಳಿಗೆ ಬೇಕಾಗಿದ್ದ ಐದನೆಯ ಪಟ್ಟಿ ಇಲ್ಲವೇ ಇಲ್ಲ. ಇಲ್ಲದ ಪಟ್ಟಿಯನ್ನು ಕದ್ದುನೋಡಲು ಯಾವ ಕ್ರಮವಿಧಿಗೂ ಸಾಧ್ಯವಿಲ್ಲ. 'ಸಾಲ್ವೊ' ಓದುಗನ ಪರಿಶೀಲನೆಗೆ ಬಿಟ್ಟದ್ದನ್ನೂ, 'ಬಿಎಸ್' ಕ್ರಮವಿಧಿಕಾರನ ಶಿಸ್ತಿಗೆ ಬಿಟ್ಟದ್ದನ್ನೂ ಈ ರಚನೆ ವಸ್ತುಸ್ಥಿತಿಯಿಂದಲೇ ಸಾಧಿಸುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಆಟಗಾರನು ಸುಳ್ಳು ಹೇಳಬಹುದಲ್ಲವೆ ಎಂಬುದು. ಹೇಳಬಹುದು, ಕಾಗದದ ಆಟದಲ್ಲಿಯೂ ಹೇಳಬಹುದಾಗಿತ್ತು. ಆ ಸಾಧ್ಯತೆಯಿದ್ದೂ ಹೇಳದಿರುವುದರಲ್ಲಿಯೇ ಆಟದ ಮರ್ಯಾದೆಯಿದೆ. ಅಲ್ಲದೆ ಟೆಲಿಟೈಪಿನ ಸುರುಳಿಯ ಮೇಲೆ ಪ್ರತಿಯೊಂದು ಪ್ರಶ್ನೆಯೂ ಪ್ರತಿಯೊಂದು ಉತ್ತರವೂ ಅಚ್ಚಾಗಿ ಉಳಿದಿರುವುದರಿಂದ, ಆಟ ಮುಗಿದ ಮೇಲೆ ಹಾಳೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು. ಎರಡನೆಯದು, ಲೆಕ್ಕ ಇಡುವ ಶ್ರಮವನ್ನು ಯಂತ್ರ ವಹಿಸಿಕೊಳ್ಳದಿದ್ದರೆ ಯಂತ್ರ ಏತಕ್ಕೆ ಎಂಬುದು. ಇದು ಕಡೆಗಣಿಸತಕ್ಕ ಆಕ್ಷೇಪವಲ್ಲ. ಆದರೆ ಗುರುತು ಹಾಕುವುದು ಈ ಆಟದಲ್ಲಿ ಆಟದ ಹೊರಗಿನ ಗುಮಾಸ್ತಗಿರಿಯಲ್ಲ. ಹಾಳೆಯ ಮೇಲೆ ಗುರುತು ಹಾಕುತ್ತಿರುವಾಗಲೇ ಅನುಮಾನ ನಡೆಯುತ್ತಿರುತ್ತದೆ. ಆ ಹಾಳೆಯನ್ನು ಕಿತ್ತುಕೊಂಡರೆ ಆಟಗಾರನಿಗೆ ವಿಶ್ರಾಂತಿ ದೊರೆಯುತ್ತದೆ, ಆಟ ದೊರೆಯುವುದಿಲ್ಲ.

ಆದರೂ ಹಡಗುಗಳನ್ನು ಯಂತ್ರಕ್ಕೆ ಒಪ್ಪಿಸಲೇಬೇಕೆನ್ನುವವರಿಗೆ ಪಿಡಿಪಿ-೮ರ ರಚನೆಯಲ್ಲಿಯೇ ಒಂದು ಮಧ್ಯಮಮಾರ್ಗವುಂಟು. ಈ ಯಂತ್ರದ ಸ್ಮೃತಿಕೋಶ ೧೨೮ ಪದಗಳ ಪುಟಗಳಾಗಿ ವಿಂಗಡವಾಗಿದೆ. ಒಂದು ಆದೇಶ ನೇರವಾಗಿ ಮುಟ್ಟಬಲ್ಲದ್ದು ತಾನಿರುವ ಪುಟವನ್ನು, ಇಲ್ಲವೆ ಸೊನ್ನೆಯ ಪುಟವನ್ನು ಮಾತ್ರ. ಆಟಗಾರನ ಹಡಗುಗಳ ಪಟ್ಟಿಯನ್ನೂ ಉತ್ತರ ಕೊಡುವ ಉಪವಿಧಿಯನ್ನೂ ಒಂದು ಪುಟದಲ್ಲಿಟ್ಟು, ಊಹೆಮಾಡುವ ಭಾಗವನ್ನು ಬೇರೊಂದು ಪುಟದಲ್ಲಿಟ್ಟು, ಸೊನ್ನೆಯ ಪುಟದಲ್ಲಿ ಆ ಉಪವಿಧಿಯ ವಿಳಾಸವೊಂದನ್ನು ಮಾತ್ರ ಇರಿಸಿದರೆ, ಊಹಿಸುವವನು ಕೇಳಬಲ್ಲನೇ ಹೊರತು ನೇರವಾಗಿ ನೋಡಲಾರನು. ಬಳಸುದಾರಿಯಿಂದ ನೋಡುವುದು ಅಸಾಧ್ಯವೇನಲ್ಲ. ಆದರೆ ಹಾಗೆ ನೋಡಬೇಕಾದರೆ ಬೇಕೆಂದೇ ಬರೆಯಬೇಕಾಗುತ್ತದೆ, ಬರೆದದ್ದು ಪಾಠದಲ್ಲಿ ಎದ್ದು ಕಾಣುತ್ತದೆ.

೮

ಇಲ್ಲಿಯವರೆಗಿನ ವಿವೇಚನೆಯಿಂದ ಸಿದ್ಧವಾಗುವ ಅಂಶ ಇಷ್ಟು. ಹಳೆಯ ಯಂತ್ರದ ಬಡತನ ಯಂತ್ರಾಂತರಕಾರನಿಗೆ ಬರಿಯ ಅಡ್ಡಿಯಲ್ಲ. ಸೆಕೆಂಡಿಗೆ ಹತ್ತೇ ಅಕ್ಷರಗಳೆಂಬ ಕಟ್ಟು ಚಿತ್ರವನ್ನು ಬಿಡುವಂತೆ ಅವನನ್ನು ಒತ್ತಾಯಪಡಿಸುತ್ತದೆ. ಚಿತ್ರವನ್ನು ಬಿಟ್ಟಾಗ ಹಾಳೆ ಆಟಗಾರನ ಕೈಗೆ ಮರಳುತ್ತದೆ. ಹಾಳೆ ಮರಳಿದಾಗ ಗುಟ್ಟೂ ಮರಳುತ್ತದೆ. ಮುಂದೆ ಬಂದ ಶ್ರೀಮಂತ ಯಂತ್ರಗಳು ಬಣ್ಣವನ್ನೂ ಸದ್ದನ್ನೂ ಕೂಡಿಸುತ್ತಾ, ಯಾರಿಗೂ ಗೊತ್ತಾಗದಂತೆ ಆಟಗಾರನ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡವು.

ಇದು ಒಂದು ಸಣ್ಣ ಆಟಕ್ಕೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ಮನುಷ್ಯನ ಎದುರಾಳಿಯಾಗಿಯೂ ಅವನ ಗುಟ್ಟಿನ ಕಾವಲುಗಾರನಾಗಿಯೂ ಏಕಕಾಲದಲ್ಲಿ ನಿಲ್ಲುವ ಯಂತ್ರಗಳು ಇಂದು ನಮ್ಮ ಸುತ್ತ ಬೇಕಾದಷ್ಟಿವೆ. ಅವುಗಳೊಡನೆ ವ್ಯವಹರಿಸುವಾಗ 'ನಿನ್ನ ಹಾಳೆಯನ್ನು ಕೊಡು, ನಾನು ನೋಡುವುದಿಲ್ಲ' ಎಂಬ ಮಾತನ್ನು ನಾವು ಪ್ರತಿದಿನವೂ ಒಪ್ಪುತ್ತಿದ್ದೇವೆ. ಹಾಳೆಯನ್ನು ಕೊಡದೆಯೇ ಆಡಬಹುದಾಗಿತ್ತೆ ಎಂಬ ಪ್ರಶ್ನೆಯನ್ನು ಕೇಳುವುದು ನಮಗೆ ಮರೆತುಹೋಗಿದೆ. ಇನ್ನು ಮುಂದೆ ಹಳೆಯ ಯಂತ್ರಗಳಿಗೆ ಈ ಆಟವನ್ನು ತರಹೊರಟವರು ಪ್ರಾಚೀನವಸ್ತುವಿನ ಮೋಹದಿಂದ ಮಾತ್ರ ಆ ಕೆಲಸವನ್ನು ಮಾಡದೆ, ಆ ಪ್ರಶ್ನೆಯನ್ನು ಮತ್ತೆ ಕೇಳುವ ಅವಕಾಶವೆಂದು ಅದನ್ನು ಭಾವಿಸಿದರೆ ಅವರ ಶ್ರಮ ಸಾರ್ಥಕವಾಗುತ್ತದೆ. ಅವರ ಕೆಲಸವನ್ನು ಪರಿಶೀಲಿಸುವ ವಿಮರ್ಶಕರೂ 'ನಡೆಯುತ್ತದೆಯೆ' ಎಂದು ಕೇಳಿದ ಮೇಲೆ 'ಗುಟ್ಟು ಯಾರ ಬಳಿ ಇದೆ' ಎಂಬುದನ್ನೂ ಕೇಳತಕ್ಕದ್ದು.